ಪ್ರಮಾಣಪತ್ರದಿಂದ ಅನ್ನ ಬೇಯುವುದಿಲ್ಲ



ತೈಲ ಮತ್ತು ಅನಿಲದ ಕಾಲ ಮುಗಿಯುತ್ತಾ ಬಂದಿತು, ಅಲ್ಲಿ ದುಡಿಯುವವರಿಗೆ ಮರುತರಬೇತಿ ನೀಡಿ ಸೌರ ಹಾಗೂ ಪವನ ವಿದ್ಯುತ್ತಿನ ಕೆಲಸಕ್ಕೆ ಹಚ್ಚಿದರಾಯಿತು ಎಂಬ ಮಾತು ಈಗ ಪದೇ ಪದೇ ಕಿವಿಗೆ ಬೀಳುತ್ತಿದೆ. 2070ರ ಹೊತ್ತಿಗೆ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವುದಾಗಿ ಭಾರತವು 2021ರ ಗ್ಲಾಸ್ಗೋ ಸಮಾವೇಶದಲ್ಲಿ ಘೋಷಿಸಿತು. ಆ ಗುರಿಯ ಬಗ್ಗೆ ನನಗೆ ತಕರಾರಿಲ್ಲ. ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು ಭೂಮಿ ಬಿಸಿಯಾಗುತ್ತಿರುವುದನ್ನು ಅಲ್ಲಗಳೆಯಲಾರೆ. ನನ್ನ ಆಕ್ಷೇಪವಿರುವುದು ‘ಹಚ್ಚಿದರಾಯಿತು’ ಎನ್ನುವ ಆ ಸಲೀಸುತನಕ್ಕೆ.

ಇದು ದೂರದವರ ಸಂಗತಿಯಲ್ಲ. ಶಿಕಾರಿಪುರ, ಸೊರಬದ ಹಳ್ಳಿಗಳಿಂದ ಎಸ್ಸೆಸ್ಸೆಲ್ಸಿ ಮುಗಿಸಿ, ಐಟಿಐಯಲ್ಲಿ ಫಿಟ್ಟರ್, ವೆಲ್ಡರ್ ಕೆಲಸ ಕಲಿತು, ಕೆಲವರು ಮಂಗಳೂರಿನ ಕಡೆಗೂ ಕೆಲವರು ಕೊಲ್ಲಿ ರಾಷ್ಟ್ರಗಳ ತೈಲಾಗಾರಗಳಿಗೂ ಹೋದ ಹುಡುಗರು ನನ್ನ ಶಿಷ್ಯರಲ್ಲಿದ್ದಾರೆ. ಬಹುಪಾಲು ಗುತ್ತಿಗೆ ನೌಕರರು. ಅಧಿಕ ಒತ್ತಡದ ಕೊಳವೆಗೆ ಅವರು ಹಾಕಿದ ಬೆಸುಗೆಯನ್ನು ಕ್ಷ-ಕಿರಣ ಹಾಯಿಸಿ ಪರೀಕ್ಷಿಸುತ್ತಾರೆ. ಒಳಗೆ ದೋಷ ಕಂಡರೆ ಕತ್ತರಿಸಿ ಮತ್ತೆ ಮಾಡಿಸುತ್ತಾರೆ. ಅಂಥ ಪರೀಕ್ಷೆಯಲ್ಲಿ ವರ್ಷಗಟ್ಟಲೆ ತೇರ್ಗಡೆಯಾದ ಕೈಗಳನ್ನು ಹೊಸಬರೊಡನೆ ‘ಅಆಇಈ’ಗೆ ಕೂರಿಸುವುದು ಯಾವ ನ್ಯಾಯ? ತಿಳಿದುದರಿಂದ ತಿಳಿಯದುದರ ಕಡೆಗೆ ಕೊಂಡೊಯ್ಯಬೇಕೆಂದು ಬಿ.ಎಡ್. ತರಗತಿಯಲ್ಲಿ ನಮಗೆ ಮೊದಲ ವಾರವೇ ಹೇಳಿಕೊಟ್ಟಿದ್ದರು.

ಕಲಿಯಬೇಕಾದ ಹೊಸ ವಿಷಯಗಳು ಇಲ್ಲವೆಂದಲ್ಲ. ಮನೆಗೆ ಬರುವ ಎ.ಸಿ. ವಿದ್ಯುತ್ತು ಸೆಕೆಂಡಿಗೆ 100 ಬಾರಿ ಶೂನ್ಯವನ್ನು ಹಾಯುತ್ತದೆ, ಹಾಗಾಗಿ ಅದರ ಕಿಡಿ ಬೇಗ ಆರುತ್ತದೆ. ಸೌರಫಲಕದ ಡಿ.ಸಿ. ವಿದ್ಯುತ್ತಿಗೆ ಆ ಗುಣವಿಲ್ಲ. ದೊಡ್ಡ ಸ್ಥಾವರಗಳಲ್ಲಿ ಅದು 1,000ದಿಂದ 1,500 ವೋಲ್ಟ್‌ಗಳವರೆಗಿರುತ್ತದೆ. ಮೇಲಾಗಿ ಬಿಸಿಲಿರುವಷ್ಟು ಹೊತ್ತು ಫಲಕವು ವಿದ್ಯುತ್ತನ್ನು ಹುಟ್ಟಿಸುತ್ತಲೇ ಇರುತ್ತದೆ. ಇದನ್ನು ನಿಧಾನವಾಗಿ, ಕನ್ನಡದಲ್ಲಿ, ಕೈಯಿಂದ ಮಾಡಿಸಿ ಕಲಿಸಬೇಕು.

ಕಲಿತ ಮೇಲೆ ಕೆಲಸವೆಲ್ಲಿ? ಕೇಂದ್ರ ಸರ್ಕಾರವು 2015ರಲ್ಲಿ 600 ಗಂಟೆಗಳ ‘ಸೂರ್ಯಮಿತ್ರ’ ತರಬೇತಿಯನ್ನು ಆರಂಭಿಸಿತು. ಒಳ್ಳೆಯದೇ. ಆದರೆ ಪಾವಗಡದ ಸೌರ ಉದ್ಯಾನವನ್ನು ನೋಡಿ: ಸುಮಾರು 13,000 ಎಕರೆ, 2,050 ಮೆಗಾವಾಟ್. ಕಟ್ಟುವಾಗ ಬೇಕಾದಷ್ಟು ಕೈಗಳು ಕಟ್ಟಿ ಮುಗಿದ ಮೇಲೆ ಬೇಕಾಗುವುದಿಲ್ಲ. ಊರಿನವರಿಗೆ ಉಳಿಯುವುದು ಹೆಚ್ಚಾಗಿ ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ. ತೈಲಾಗಾರವಾದರೋ ಹಗಲಿರುಳು ಪಾಳಿಯಲ್ಲಿ ನಡೆಯುವಂಥದು. ಈ ಲೆಕ್ಕವನ್ನು ಮುಚ್ಚಿಟ್ಟು ಮರುತರಬೇತಿಯ ಗುಣಗಾನ ಮಾಡುವವರು ಕಾರ್ಮಿಕರಿಗೆ ಅರ್ಧಸತ್ಯ ಹೇಳುತ್ತಿದ್ದಾರೆ.

ಶ್ರೀಮಂತ ದೇಶಗಳಾದರೂ ಇದನ್ನು ಸರಿಯಾಗಿ ನಿಭಾಯಿಸಿದವೇ? ಬ್ರಿಟನ್ನಿನ ಸಮುದ್ರದ ತೈಲಬಾವಿಗಳ 1,383 ಕಾರ್ಮಿಕರನ್ನು 2020ರಲ್ಲಿ ವಿಚಾರಿಸಿದಾಗ, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಬೇರೆ ಉದ್ಯಮಕ್ಕೆ ಹೋಗುವ ಬಗ್ಗೆ ಯೋಚಿಸಲು ಸಿದ್ಧರಿದ್ದರು. ಮನಸ್ಸಿಗೆ ಕೊರತೆಯಿರಲಿಲ್ಲ. ಆದರೆ ತೈಲಬಾವಿಯಲ್ಲಿ ಕಲಿತ ಸುರಕ್ಷತಾ ಪಾಠವನ್ನೇ ಗಾಳಿಯಂತ್ರಕ್ಕಾಗಿ ಮತ್ತೊಮ್ಮೆ, ಅದೂ ಎಷ್ಟೋ ಬಾರಿ ಸ್ವಂತ ಖರ್ಚಿನಲ್ಲಿ, ಕಲಿಯಬೇಕಿತ್ತು. ಎರಡೂ ಕಡೆ ನಡೆಯುವ ‘ಕೌಶಲ ಪಾಸ್‌ಪೋರ್ಟ್’ ಅಲ್ಲಿ ಕಾಣಿಸಿಕೊಂಡದ್ದು 2025ರ ಜನವರಿಯಲ್ಲಿ. ಅದೇ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡಿನ ಗ್ರ್ಯಾಂಜ್‌ಮೌತ್ ತೈಲಾಗಾರವು ಶುದ್ಧೀಕರಣವನ್ನೇ ನಿಲ್ಲಿಸಿತು!

‘ಮೇಷ್ಟ್ರೇ, ಮಂಗಳೂರಿನ ತೈಲಾಗಾರ ನಡೆಯುತ್ತಲೇ ಇದೆಯಲ್ಲ, ಈಗಲೇ ಏಕೆ ಈ ಚಿಂತೆ?’ ಎನ್ನಬಹುದು. ನಡೆಯುತ್ತಿರುವುದರಿಂದಲೇ ಈಗ ಕೇಳಬೇಕು. ಗಳಿಸುತ್ತಿರುವ ಕಾರ್ಖಾನೆಯು ತರಬೇತಿಯ ತಿಂಗಳುಗಳಿಗೂ ಸಂಬಳ ಕೊಡಬಲ್ಲದು. ಬೀಗ ಬಿದ್ದ ಕಾರ್ಖಾನೆಯಿಂದ ಯಾರು ವಸೂಲು ಮಾಡುತ್ತಾರೆ? ಕೋಲಾರದ ಚಿನ್ನದ ಗಣಿಯನ್ನು ನೆನೆಯಿರಿ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಮೊದಲು ಹರಿದದ್ದು ಅಲ್ಲಿಗೆ. ಮೂರು ಕಿಲೋಮೀಟರಿಗೂ ಮೀರಿದ ಆಳದಲ್ಲಿ ದುಡಿಯಬಲ್ಲ ಜನ ಅಲ್ಲಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಊರಿನವರು ನಸುಕಿನಲ್ಲೆದ್ದು ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರಾದರು. ಶುದ್ಧ ವಿದ್ಯುತ್ತಿಗಾಗಿ ತೆತ್ತವರ ಕಥೆಯನ್ನು ನಮ್ಮ ಜಿಲ್ಲೆಗಂತೂ ಬೇರೆ ಯಾರೂ ಹೇಳಬೇಕಿಲ್ಲ; 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಮುಳುಗಡೆ ಸಂತ್ರಸ್ತರು ಭೂಮಿಯ ಹಕ್ಕಿಗಾಗಿ ದಶಕಗಳ ಕಾಲ ಕಚೇರಿಗಳನ್ನು ಅಲೆದಿದ್ದಾರೆ.

ಆದ್ದರಿಂದ ತೈಲ, ಅನಿಲದ ಕೆಲಸದಲ್ಲಿರುವ ನನ್ನ ಶಿಷ್ಯರಿಗೆ ಒಂದು ಮಾತು. ಮರುತರಬೇತಿಯ ಅರ್ಜಿಗೆ ಸಹಿ ಹಾಕುವ ಮುನ್ನ ಕೇಳಿ: ಕಲಿಯುವ ತಿಂಗಳುಗಳಲ್ಲಿ ಸಂಬಳ ಯಾರದು, ನನ್ನ ಹಳೆಯ ಅನುಭವ ಎಷ್ಟು ವರ್ಷವೆಂದು ಬರೆದುಕೊಳ್ಳುತ್ತೀರಿ, ಕಲಿತ ಮೇಲೆ ಯಾವ ಊರಿನ ಯಾವ ಹುದ್ದೆ? ಗುತ್ತಿಗೆಯವರಾಗಿದ್ದರೆ, ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ಎಂಬುದನ್ನೇ ಮೊದಲು ಕೇಳಿ. ಉತ್ತರ ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ ಕೊಡಲಿ. ಬಂದ ಉತ್ತರವನ್ನು ನನಗೂ ಒಂದು ಸಾಲು ಬರೆದು ತಿಳಿಸಿ.