ಊಟಾ ಛಲೋನ ಅದ, ಆದ್ರ ಯಾರ ತಾಟಿನ್ಯಾಗ?

ವಾರದಾಗ ಎರಡು ಸಲ ನಮ್ಮ ಬಳಗದ ವಾಟ್ಸಾಪ್ ಗುಂಪಿನ್ಯಾಗ ಯಾರರೆ ಒಬ್ಬಾಕಿ ಆರೋಗ್ಯದ ಊಟದ ಪಟ್ಟಿ ಹಾಕ್ತಾಳ. ಆವಕಾಡೊ, ಕಿನೋವಾ, ಚಿಯಾ ಬೀಜ, ಬಾದಾಮಿ ಹಾಲು. ನಾವೆಲ್ಲಾ ಕೈ ಮುಗಿಯೋ ಚಿತ್ರ ಒತ್ತಿ ಮತ್ತ ಒಲಿ ಮುಂದ ನಿಂತು ಉಪ್ಪಿಟ್ಟು ತಿರುವ್ತೀವಿ. ಕಿನೋವಾ ತಿನ್ನಾವರು ತಿನ್ನಲಿ, ನಂದೇನೂ ತಕರಾರಿಲ್ಲ. ಆದ್ರ ಜ್ವಾಳದ ರೊಟ್ಟಿ, ಮಡಕಿಕಾಳಿನ ಪಲ್ಲೆ, ಒಂದು ತಪ್ಪಲ ಪಲ್ಲೆ, ಗುರೆಳ್ಳು ಚಟ್ನಿ, ಬಾಜೂಕ ಹಸಿ ಮೆಂತ್ಯ, ಉಳ್ಳಾಗಡ್ಡಿ, ಗಜ್ಜರಿ, ಒಂದು ವಾಟಗಾ ಮಸರು ಇಷ್ಟು ಇದ್ದ ತಾಟಿಗೆ ಯಾವ ದೇಶದ ಡಾಕ್ಟರೂ ಹೆಸರು ಇಡಾಂಗಿಲ್ಲ. ನಾರು ಅದ, ಕಾಳು ಅದ, ಸೊಪ್ಪು ಅದ, ಎಣ್ಣಿಬೀಜ ಅದ. ವಿಶ್ವಸಂಸ್ಥೆಯವರು 2023ನ್ನ ಸಿರಿಧಾನ್ಯಗಳ ವರ್ಷ ಅಂತ ಸಾರಿದ ಮ್ಯಾಲೆ ಪ್ಯಾಟಿ ಮಂದಿಗೆ ಜ್ವಾಳ, ಸಜ್ಜಿ, ನವಣಿ ನೆನಪಾದ್ವು. ನಮ್ಮ ಅಜ್ಜಿಗೆ ಯಾರೂ ನೆನಪು ಮಾಡಿಕೊಡೋದು ಬೇಕಾಗಿರಲಿಲ್ಲ.

ಹಂಗಾದ್ರ ನಾವು ಆರಾಮ ಇರಬೇಕಲ್ಲ? ಇಲ್ಲ. 2019ರಿಂದ 21ರೊಳಗ ನಡದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಾಗ 15ರಿಂದ 49 ವಯಸ್ಸಿನ ಹೆಂಗಸರೊಳಗ ನೂರಕ್ಕ 57 ಮಂದಿಗೆ ರಕ್ತ ಕಡಿಮಿ ಅದ. ಕರ್ನಾಟಕದಾಗ ಹತ್ತಿರ ಹತ್ತಿರ ಅರ್ಧ ಮಂದಿ. ನಮ್ಮ ಓಣಿಯ ಅರಿಶಿಣ ಕುಂಕುಮಕ್ಕ ಹತ್ತು ಮಂದಿ ಕೂತ್ರ ಅದರಾಗ ನಾಲ್ಕೈದು ಮಂದಿ ಅಂದಂಗ. ಮೆಟ್ಟಿಲ ಹತ್ತಿದ್ರ ತೇಕು ಬರ್ತದ, ಮಧ್ಯಾಹ್ನ ಕಣ್ಣು ಕತ್ತಲಿ ಬರ್ತದ, ಕೂದಲ ಉದುರ್ತಾವ. ಕೇಳಿದ್ರ “ಏನಿಲ್ಲ ತಗೋ, ಕೆಲಸ ಭಾಳ ಆಗೇದ” ಅಂತೀವಿ.

ಊಟದಾಗ ದೋಷ ಇಲ್ಲ, ಹಂಚೋದರಾಗ ಅದ ಅಂತ ನನ್ನ ಅಭಿಪ್ರಾಯ.

ನೋಡ್ರಿ, ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಲೆಕ್ಕಾ ಹಾಕಿ ಹೇಳ್ಯಾರ: ಗಂಡಸಿಗೆ ದಿನಕ್ಕ 19 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು, ಮುಟ್ಟು ನಿಲ್ಲದ ಹೆಂಗಸಿಗೆ 29. ಅಂದ್ರ ನಮಗ ಒಂದೂವರಿ ಪಟ್ಟು. ಮನ್ಯಾಗ ಆಗೋದೇನು? ಮದ್ಲ ಗಂಡಸರು, ಹುಡುಗರು, ಮುದಿಕರು. ನಾವು ಕೂಡೋ ಹೊತ್ತಿಗೆ ಪಲ್ಲೆ ಬಾಂಡ್ಯಾದ ತಳಕ್ಕ ಹತ್ತಿರ್ತದ. ಕಾಳು ಮುಗದು ರಸ ಉಳದಿರ್ತದ. ಮಸರಿನ ಭಾಂಡ್ಯಾಕ್ಕ ನೀರು ಹಾಕಿ ತೊಳದು ಅದನ್ನ ಮಜ್ಜಗಿ ಅಂತ ಕುಡೀತೀವಿ. ನಿನ್ನಿ ಅನ್ನ ಕೆಡಬಾರದು ಅಂತ ಅದನ್ನೂ ನಾವ ತಿಂತೀವಿ. ಹೊಟ್ಟಿ ತುಂಬ್ತದ, ಮೈಗೆ ಏನೂ ಹತ್ತಾಂಗಿಲ್ಲ. ಹಿಂಗಾಗಿ ದಪ್ಪ ಇದ್ದಾಕಿಗೂ ರಕ್ತ ಕಡಿಮಿ ಇರ್ತದ. “ಇಷ್ಟು ಗುಂಡಗ ಇದ್ದೀಯಲ್ಲ, ನಿನಗೇನಾಗೇದ” ಅಂತ ಅನಿಸಿಕೊಂಡಾಕಿಗೆ ಈ ಮಾತು ಗೊತ್ತಾಗ್ತದ.

ಅದ ಸಂಸ್ಥೆಯವರು 2024ರಾಗ ಕೊಟ್ಟ ಮಾರ್ಗಸೂಚಿ ಪ್ರಕಾರ ಒಬ್ಬರಿಗೆ ದಿನಕ್ಕ 400 ಗ್ರಾಂ ಕಾಯಿಪಲ್ಲೆ ಬೇಕು. ನಾಲ್ಕು ಮಂದಿ ಇರೋ ಮನಿಗೆ ಒಂದು ಕಿಲೋ ಆರುನೂರು ಗ್ರಾಂ! ಒಂದು ಪಾವ್ ಬದನಿಕಾಯಿ ತಂದು ನಾಲ್ಕು ಮಂದಿಗೆ ಹಚ್ಚಿ ಉಳದದ್ದನ್ನ ಅನ್ನದಾಗ ಸರಿಮಾಡೋ ನಮಗ ಈ ಲೆಕ್ಕಾ ನಗಿ ತರಿಸ್ತದ. ಅಷ್ಟು ಆಗದಿದ್ರ ಬಿಡ್ರಿ, ಈಗ ಮಾಡೋದರ ಎರಡು ಪಟ್ಟು ಮಾಡ್ರಿ. ಮತ್ತ ನಿಮ್ಮ ವಾಟಗಾ ಮದಲ ತಗದಿಟ್ಟು ಆಮ್ಯಾಲೆ ಬಡಿಸ್ರಿ. ಅತ್ತಿ ಮುಂದ ಹ್ಯಾಂಗ ತಗದಿಡೋದು ಅಂತ ಸಂಕೋಚ ಆದ್ರ ಅತ್ತಿ ವಾಟಗಾನೂ ಜೊತಿಗೆ ತಗದಿಡ್ರಿ. ಆಕಿನೂ ನಲವತ್ತು ವರ್ಷ ತಳದ ಪಲ್ಲೇನ ಉಂಡಾಳ.

ಇನ್ನ ಚಹಾ. ಇದನ್ನ ಹೇಳಿದ್ರ ನನಗ ಬಯ್ತೀರಿ ಅಂತ ಗೊತ್ತದ. ಊಟ ಆಗಿ ಕೈ ಒರಸಿಕೊಳ್ಳೋದರಾಗ ಚಹಾ ಕುಡದ್ರ ಅದರಾಗಿನ ಒಗರು ಅಂಶ ಪಲ್ಲೆಯೊಳಗಿನ ಕಬ್ಬಿಣವನ್ನ ಮೈಗೆ ಹತ್ತಗೊಡಾಂಗಿಲ್ಲ. ಒಂದು ತಾಸು ತಡದು ಕುಡೀರಿ. ಬಿಡ್ರಿ ಅನ್ನಾಂಗಿಲ್ಲ, ನನಗೂ ನಾಕು ಗಂಟೆ ಚಹಾ ಇಲ್ಲದ ಸಂಜಿ ಆಗಾಂಗಿಲ್ಲ. ಅದರ ಬದಲಿ ಊಟದಾಗ ಲಿಂಬಿಹಣ್ಣು ಹಿಂಡ್ರಿ. ಹುಳಿಯೊಳಗಿನ ಸಿ ಜೀವಸತ್ವ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತೋಹಂಗ ಮಾಡ್ತದ. ಕೋಸಂಬರಿಗೆ ಲಿಂಬಿಹಣ್ಣು ಹಿಂಡಿದವರು ಸುಮ್ನ ಹಿಂಡಿಲ್ಲ. ಮಡಕಿಕಾಳು ಮೊಳಕಿ ಒಡಸೋದೂ ಹಂಗ: ಕಾಳಿನ್ಯಾಗ ಕಬ್ಬಿಣ ಹಿಡಕೊಂಡು ಕೂತ ಅಂಶ ಮೊಳಕಿ ಬರೋದರಾಗ ಕಡಿಮಿ ಆಗ್ತದ. ರಾತ್ರಿ ನೆನಸಿ, ಬೆಳಿಗ್ಗೆ ಅರಿವಿಯೊಳಗ ಕಟ್ಟೋದು ಎಷ್ಟರ ಕೆಲಸ?

ಉಪವಾಸದ ಬಗ್ಗೆನೂ ಒಂದು ಮಾತು. ಸ್ವಾಮವಾರ, ಗುರುವಾರ, ಶನಿವಾರ, ನಡಕ ಏಕಾದಶಿ, ಸಂಕಷ್ಟಿ. ದೇವರ ಮ್ಯಾಲಿನ ಭಕ್ತಿ ನಿಮ್ಮದು, ಅದರಾಗ ಕೈ ಹಾಕಾಂಗಿಲ್ಲ. ಆದ್ರ ಸಾಬೂದಾಣಿ ಅಂದ್ರ ಮರಗೆಣಸಿನ ಹಿಟ್ಟು, ಬರೇ ಪಿಷ್ಟ. ವಾರದಾಗ ಮೂರು ದಿನ ಸಾಬೂದಾಣಿ ಮತ್ತ ಚಹಾದ ಮ್ಯಾಲೆ ಇದ್ರ ರಕ್ತ ಎಲ್ಲಿಂದ ಬರಬೇಕು? ಅವತ್ತು ರಾಜಗೀರಿ ಉಂಡಿ, ಹುರದ ಶೇಂಗಾ, ಪೇರಲ ಹಣ್ಣು, ಹಾಲು ತಗೋರಿ. ಪೇರಲದಾಗ ಸಿ ಜೀವಸತ್ವ ಭರಪೂರ ಅದ.

ಬಾಣಂತನದ ವಿಷಯಕ್ಕ ಬಂದ್ರ ನಾನು ಹಿರೇರ ಪರ ಅರ್ಧ ಮಾತ್ರ ನಿಲ್ತೀನಿ. ಅಳವಿ ಪಾಯಸ, ಅಂಟಿನ ಉಂಡಿ, ಸಬ್ಬಸಗಿ ಪಲ್ಲೆ ಇದೆಲ್ಲಾ ಭೇಷ್. ಆದ್ರ “ಹಣ್ಣು ಥಂಡಿ, ಕಾಳು ವಾಯು, ನೀರು ಕಡಿಮಿ ಕುಡಿ” ಅಂತ ಮೆತ್ತನ ಅನ್ನಾ ಮೆಣಸಿನ ಸಾರಿನ ಮ್ಯಾಲೆ ತಿಂಗಳಗಟ್ಟಲೆ ಇಡೋದು ತಪ್ಪು. ನಮ್ಮ ಬಳಗದಾಗ ಒಬ್ಬಾಕಿಗೆ ಹಡದ ಮ್ಯಾಲೆ ಹಿಮೋಗ್ಲೋಬಿನ್ ಎಂಟೂವರಿ ಇತ್ತು. ಕೂಸು ಎತ್ತಿಕೊಂಡು ನಿಂತ್ರ ಗ್ವಾಡಿ ಹಿಡೀತಿದ್ಲು. ಆಕಿಗೆ ಮನ್ಯಾಗ ಪ್ರೀತಿ ಕಡಿಮಿ ಇರಲಿಲ್ಲ, ತುಪ್ಪಾನೂ ಕಡಿಮಿ ಇರಲಿಲ್ಲ. ತಾಟಿನ್ಯಾಗ ಹಸರ ಬಣ್ಣಾನ ಇರಲಿಲ್ಲ. ಹಾಲು ಕುಡಸೋ ತಾಯಿಗೆ ಹೊಟ್ಟಿತುಂಬ ಬ್ಯಾಳಿ, ಸೊಪ್ಪು, ಹಣ್ಣು, ನೀರು ಎಲ್ಲಾ ಬೇಕು. ಮತ್ತ ಡಾಕ್ಟರು ಕೊಟ್ಟ ಕಬ್ಬಿಣದ ಗುಳಿಗಿ “ಹೊಟ್ಟಿ ಕಟ್ತದ” ಅಂತ ಕಿಡಕಿಯಿಂದ ಒಗೀಬ್ಯಾಡ್ರಿ. ಅಷ್ಟು ಕಡಿಮಿ ಆದಾಗ ಮೆಂತ್ಯ ಪಲ್ಲೆ ಒಂದರಿಂದ ಆಗೋ ಕೆಲಸ ಅಲ್ಲದು. ಹೊಟ್ಟಿ ಕಟ್ಟಿದ್ರ ಡಾಕ್ಟರಿಗೆ ಹೇಳ್ರಿ, ಬ್ಯಾರೆ ಬರದು ಕೊಡ್ತಾರ.

ಸಸ್ಯಾಹಾರದ ದೊಡ್ಡಸ್ತಿಕಿ ಹೇಳೋರು ಒಂದು ಸಂಗತಿ ಮುಚ್ಚಿಡ್ತಾರ. ಬಿ12 ಜೀವಸತ್ವ ಕಾಯಿಪಲ್ಲೆಯಾಗ ಇಲ್ಲ, ಕಾಳಿನ್ಯಾಗೂ ಇಲ್ಲ. ನಮ್ಮಂಥ ಶಾಕಾಹಾರಿಗಳಿಗೆ ಅದು ಬರೋದು ಹಾಲು, ಮಸರಿನಿಂದ. ಅದ ಹಾಲು ಹುಡುಗರಿಗೆ, ಅದ ಮಸರು ಗಂಡಸರಿಗೆ ಹೋದ್ರ ನಮಗೇನು ಉಳೀತು? ಕೈಕಾಲು ಜುಮು ಜುಮು ಅಂದ್ರ, ಮರವು ಭಾಳ ಆದ್ರ ವಯಸ್ಸಾತು ಅಂತ ಸುಮ್ಮನಾಗದ ಒಂದು ಸಲ ರಕ್ತ ತೋರಿಸ್ರಿ. ತತ್ತಿ ತಿನ್ನೋ ಮನಿಯವರಿಗೆ ಈ ಚಿಂತಿ ಸ್ವಲ್ಪ ಕಡಿಮಿ.

ಕಡೀಕ ಸೊಪ್ಪು ಸೋಸೋ ಮಾತು. ತಪ್ಪಲ ಪಲ್ಲೆ ನಮ್ಮ ಮನಿಗಳಿಂದ ಹೋಗಿದ್ದು ರುಚಿ ಇಲ್ಲ ಅಂತ ಅಲ್ಲ, ತುಟ್ಟಿ ಅಂತಲೂ ಅಲ್ಲ. ಸೋಸಾಕ ತಾಸು ಬೇಕು, ಮೂರು ನೀರಿನ್ಯಾಗ ತೊಳೀಬೇಕು, ರೊಟ್ಟಿ ಬಡೀಲಿಕ್ಕೆ ಮತ್ತೊಂದು ತಾಸು. ನೌಕರಿಗೆ ಹೋಗಾಕಿ ಎಲ್ಲಿಂದ ಮಾಡ್ಯಾಳು? ಆಕಿಗೆ ಅವಲಕ್ಕಿ, ಬ್ರೆಡ್ಡು, ಬಿಸ್ಕೀಟು ಸುಲಭ. “ಈಗಿನ ಹುಡಿಗ್ಯಾರು ಅಡಗಿ ಮಾಡಾಂಗಿಲ್ಲ” ಅಂತ ಬಯ್ಯೋ ಬದಲಿ ಟಿವಿ ಮುಂದ ಕೂತ ಗಂಡಸಿನ ತೊಡಿ ಮ್ಯಾಲೆ ಒಂದು ಪರಾತ, ಎರಡು ಸೂಡು ಮೆಂತ್ಯ ಇಡ್ರಿ. ಬಾತ್ಮಿ ಮುಗಿಯೋದರೊಳಗ ಸೋಸಿ ಆಗಿರ್ತದ. ಮದಲನೇ ದಿನ ಕಡ್ಡಿನೂ ಸೇರಿಸ್ತಾರ, ಹಳದಿ ಎಲಿನೂ ಬಿಡ್ತಾರ. ಇರಲಿ, ಕಸಗೊಂಡು ನೀವ ಕೂಡಬ್ಯಾಡ್ರಿ. ನಮ್ಮನ್ಯಾಗ ಈಗ ಮೂರು ತಿಂಗಳಾತು, ಪುಂಡಿ ಪಲ್ಲೆನೂ ಬರಾಬರಿ ಸೋಸ್ತಾರ. ರಾಜಗೀರಿ ಮತ್ತ ಪಾಲಕ ಯಾವುದು ಅಂತ ಇನ್ನೂ ನಡುನಡುವ ಕೇಳ್ತಾರ, ಅಷ್ಟ.

ಈ ಸಲದ ಸಂತ್ಯಾಗ ಹಕ್ಕರಕಿ ಸಿಕ್ಕದ, ಕಿರಕಸಾಲಿ ಮಾತ್ರ ಎಲ್ಲೂ ಕಾಣಲಿಲ್ಲ. ನಿಮ್ಮ ಕಡೆ ಹೊಲದ ಬದುವಿನ್ಯಾಗ ಬೆಳದಿದ್ರ ಬರೋ ಮುಂದ ಒಂದು ಸೂಡು ತರ್ರಿ, ರೊಟ್ಟಿ ನಾ ಬಡದಿಡ್ತೀನಿ.