ಕಡಲಕುದುರೆಯ ಮನೆ

ಪಂಚನಹಳ್ಳಿ ಕಡೂರು ತಾಲ್ಲೂಕಿನ ಬಯಲುಸೀಮೆಯ ಊರು. ಮಳೆ ಕಡಿಮೆಯಾದ ಇಂಥ ನೆಲದ ಜನರಿಗೆ ಕೆರೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆರೆ ಬತ್ತಿದರೆ ಮೀನು, ಕಪ್ಪೆ, ಕೊಕ್ಕರೆಗಳೆಲ್ಲವೂ ಮರೆಯಾಗುತ್ತವೆ. ಬತ್ತಿದ ಕೆರೆಯ ಏರಿಯ ಮೇಲೆ ‘ಮೀನು ಹಿಡಿಯಬಾರದು’ ಎಂದು ಫಲಕ ನೆಟ್ಟರೆ ಫಲವೇನು? ಕೆರೆಗೆ ಸಲ್ಲುವ ಈ ಮಾತು ಕಡಲಿಗೂ ಸಲ್ಲುತ್ತದೆ. ಗೇಣುದ್ದವೂ ಇಲ್ಲದ ಒಂದು ಮೀನಿನ ಕಥೆ ಇದಕ್ಕೆ ಸಾಕ್ಷಿ.

ಆ ಮೀನೇ ಆಸ್ಟ್ರೇಲಿಯದ ಪೂರ್ವ ಕರಾವಳಿಯ ವೈಟ್ ಕಡಲಕುದುರೆ. ಜಾನ್ ವೈಟ್ ಎಂಬ ವೈದ್ಯನ ನೆನಪಿಗಾಗಿ ಅದಕ್ಕೆ ಈ ಹೆಸರು ಬಂದಿತು. ಮುಖ ಕುದುರೆಯದಾದರೂ ಓಟ ಕುದುರೆಯದಲ್ಲ. ಬಾಲದಲ್ಲಿ ಈಜುರೆಕ್ಕೆಯಿಲ್ಲದ ಕಡಲಕುದುರೆ ಬಹಳ ನಿಧಾನವಾಗಿ ಈಜುತ್ತದೆ. ಸೆಳೆತಕ್ಕೆ ಸಿಕ್ಕಿ ಕೊಚ್ಚಿಹೋಗದಂತೆ ಕಡಲಹುಲ್ಲು, ಸ್ಪಂಜು, ಮೆದುಹವಳಗಳಿಗೆ ಬಾಲವನ್ನು ಸುತ್ತಿಕೊಂಡು ನಿಲ್ಲುತ್ತದೆ. ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ತನ್ನ ಹೊಟ್ಟೆಯ ಚೀಲದಲ್ಲಿ ಹೊತ್ತು ಮರಿಮಾಡುತ್ತದೆ. ಇಂಥ ಜೀವಿ ನೆಲೆ ಕೆಟ್ಟಾಗ ಬೇರೆ ನೆಲೆ ಹುಡುಕಿ ಹೋಗಲಾರದು.

ನ್ಯೂ ಸೌತ್ ವೇಲ್ಸ್ ರಾಜ್ಯ 2004ರಲ್ಲಿಯೇ ಈ ಮೀನಿಗೆ ಕಾನೂನಿನ ರಕ್ಷಣೆ ನೀಡಿತು. ಆದರೂ ಅಲ್ಲಿನ ಪೋರ್ಟ್ ಸ್ಟೀಫನ್ಸ್ ಕೊಲ್ಲಿಯಲ್ಲಿ ಅದರ ಸಂಖ್ಯೆ ಮುಂದಿನ ವರ್ಷಗಳಲ್ಲಿ ತೀರ ಕುಸಿಯಿತು. ಅದು ಆಶ್ರಯಿಸಿದ್ದ ಸ್ಪಂಜು, ಮೆದುಹವಳಗಳು ನಾಶವಾದುದೇ ಇದಕ್ಕೆ ಮುಖ್ಯ ಕಾರಣ. ಕಾನೂನು ಮೀನನ್ನು ಕಾಯಿತು, ಮೀನಿನ ಮನೆಯನ್ನು ಕಾಯಲಿಲ್ಲ. 2018ರಲ್ಲಿ ವಿಜ್ಞಾನಿಗಳು ತಂತಿಯ ಪಂಜರಗಳನ್ನು ಕಡಲತಳದಲ್ಲಿಟ್ಟರು. ಅವುಗಳ ಮೇಲೆ ಪಾಚಿ, ಸ್ಪಂಜುಗಳು ಬೆಳೆದವು. ಕಡಲಕುದುರೆಗಳು ಬಂದು ನೆಲೆಸಿದವು. ಮನೆ ದೊರೆತೊಡನೆ ಒಕ್ಕಲು ಬಂದಿತು.

ನಮ್ಮ ದೇಶದಲ್ಲಿಯೂ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ ಮೊದಲಾದೆಡೆ ಬೇರೆ ಜಾತಿಯ ಕಡಲಕುದುರೆಗಳಿವೆ. ಒಣಗಿಸಿದ ಕಡಲಕುದುರೆಗೆ ಪೂರ್ವ ಏಷ್ಯದ ಔಷಧ ವ್ಯಾಪಾರದಲ್ಲಿ ಬೇಡಿಕೆಯುಂಟು. 2001ರಲ್ಲಿ ಭಾರತ ಸರ್ಕಾರವು ಅವುಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಿ, ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸಿತು. ಇದು ಬೇಕಾದ ಕಾನೂನೇ ಸರಿ. ಆದರೆ ಇದೊಂದೇ ಸಾಲದು. ತಳವನ್ನು ಗೋರುತ್ತ ಸಾಗುವ ಟ್ರಾಲ್ ಬಲೆ ಕಾಯ್ದೆಯನ್ನು ಓದಿಲ್ಲ. ಸಿಗಡಿಯೊಡನೆ ಕಡಲಕುದುರೆಯನ್ನೂ, ಅದು ನಿಂತ ಹುಲ್ಲನ್ನೂ ಅದು ಎಳೆದು ತರುತ್ತದೆ.

ಬಲೆಯನ್ನು ತಡೆದರೆ ಬೆಸ್ತರ ಹೊಟ್ಟೆಪಾಡೇನು ಎಂದು ಕೇಳುವವರುಂಟು. ಈ ಪ್ರಶ್ನೆ ನ್ಯಾಯವಾದುದು. ಆದರೆ ಕಡಲಹುಲ್ಲಿನ ಬಯಲುಗಳು ಸಿಗಡಿಗೂ ಹಲವು ಬಗೆಯ ಮೀನಿನ ಮರಿಗಳಿಗೂ ತೊಟ್ಟಿಲು. ತೊಟ್ಟಿಲು ಮುರಿದರೆ ನಾಳೆ ಬಲೆಯೇ ಬರಿದಾಗುತ್ತದೆ. ಆದುದರಿಂದ ಬೆಸ್ತರನ್ನೇ ಜೊತೆಗೂಡಿಸಿಕೊಂಡು ಅಂಥ ಜಾಗಗಳನ್ನು ಟ್ರಾಲ್ ಬಲೆಯಿಂದ ದೂರವಿಡುವುದು ಉಭಯರಿಗೂ ಹಿತ.

ಒಳನಾಡಿನವರಿಗೆ ಇದರಲ್ಲಿ ಹೊಣೆಯಿಲ್ಲವೆಂದು ತಿಳಿಯಬಾರದು. ಕಡೂರು ಸೀಮೆಯಲ್ಲಿ ಹರಿಯುವ ವೇದಾವತಿ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಹಳ್ಳಕ್ಕೆ ಎಸೆದ ಕಸ ಎಸೆದಲ್ಲಿಯೇ ಉಳಿಯುವುದಿಲ್ಲ. ಕಡಲನ್ನು ಕಾಣದವರೂ ಕಡಲನ್ನು ಕೆಡಿಸಬಲ್ಲರು; ಮನಸ್ಸು ಮಾಡಿದರೆ ಕಾಯಲೂಬಲ್ಲರು.