ಎರಡನೇ ಬ್ಯಾಟರಿ ಹಾಕಿಸಿ, ಇಲ್ಲವೇ ಬಿಡಿ, ಜೋಡಿ ಕಟ್ಟಬೇಡಿ

ಮಾವಿನ ಕಾಲದ ಒಂದು ಬೆಳಗಿನ ಜಾವ ಕೂಟಗಲ್ ಬೆಟ್ಟದ ತಪ್ಪಲಿನ ತೋಟವೊಂದರಲ್ಲಿ ನಾವು ಜೀಪು ತಳ್ಳಿದೆವು. ಹೋಗಿದ್ದು ಮಾವಿನ ದರದ ಸುದ್ದಿಗೆ. ತೋಟದ ಯಜಮಾನರು ರಾತ್ರಿಯಿಡೀ ಕಾವಲು ಕೂತು, ನಾಲ್ಕು ಗಂಟೆಗೆ ಕ್ರೇಟುಗಳನ್ನು ಹೇರಿಕೊಂಡು ರಾಮನಗರದ ಮಂಡಿಗೆ ಹೊರಟಿದ್ದರು. ಹಿಂದಿನ ಸೀಟು ಕಿತ್ತು ಹಾಕಿದ ಹಳೆಯ ಮಹೀಂದ್ರ ಫೋರ್‌ವೀಲ್ ಜೀಪು. ಕೀಲಿ ತಿರುವಿದರೆ ಸೆಲ್ಫು 'ಟಿಕ್ ಟಿಕ್' ಅಂದಿತೇ ಹೊರತು ಎಂಜಿನ್ ಅಲುಗಲಿಲ್ಲ.

ನಾವಿಬ್ಬರು, ಅವರ ಮಗ, ಪಕ್ಕದ ತೋಟದ ಕಾವಲಿನವರು ಸೇರಿ ಇಳಿಜಾರಿಗೆ ತಳ್ಳಿದ ಮೇಲೆ ಕೆಮ್ಮಿಕೊಂಡು ಸ್ಟಾರ್ಟ್ ಆಯಿತು. ಬೆವರು ಒರೆಸಿಕೊಳ್ಳುತ್ತಾ ಯಜಮಾನರು ಕೇಳಿದ್ದು ಇಷ್ಟು: "ಎಲ್ಡೆಲ್ಡು ಬ್ಯಾಟ್ರಿ ಮಡಗಿವ್ನಿ ಸಾ, ಆದ್ರೂ ಯಾಕಿಂಗಾಯ್ತು?"

ಬಾನೆಟ್ ಎತ್ತಿ ನೋಡಿದರೆ ಉತ್ತರ ಅಲ್ಲೇ ಇತ್ತು. ಜೀಪಿನದೊಂದು ಬ್ಯಾಟರಿ. ಅದರ ಪಕ್ಕ, ಟ್ರ್ಯಾಕ್ಟರಿನಿಂದ ಬಿಚ್ಚಿ ತಂದ ಹಳೆಯದೊಂದು. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿ ಮನೆ ವೈರಿಂಗಿನ ತೆಳು ವೈರಿನಲ್ಲಿ ಕಟ್ಟಿದ್ದರು. ನಡುವೆ ಫ್ಯೂಸೂ ಇಲ್ಲ, ಸ್ವಿಚ್ಚೂ ಇಲ್ಲ. ರಾತ್ರಿ ಎರಡು ಫೋಕಸ್ ಲೈಟು ಉರಿದಿವೆ, ನಾಲ್ಕು ಮೊಬೈಲು ಚಾರ್ಜ್ ಆಗಿವೆ, ಹಂದಿ ಓಡಿಸಲು ಆಗಾಗ ಮೈಕ್ ಕೂಗಿದೆ. ಬೆಳಗಾಗುವಷ್ಟರಲ್ಲಿ ಎರಡೂ ಬ್ಯಾಟರಿ ಒಟ್ಟಿಗೇ ಮಲಗಿವೆ.

ನಮ್ಮ ಕಡೆ 'ಡಬಲ್ ಬ್ಯಾಟರಿ ಹಾಕ್ಸಿದ್ದೀನಿ' ಅನ್ನುವವರಲ್ಲಿ ನಾವು ಕಂಡ ಬಹುಪಾಲು ಗಾಡಿಗಳ ಕಥೆ ಇದೇ. ಅದು ಡಬಲ್ ಅಲ್ಲ. ಎರಡು ಡಬ್ಬದ ಒಂದೇ ಬ್ಯಾಟರಿ.

ರಾಗಿ ಬೆಳೆಯುವ ಮನೆಯವರಿಗೆ ಇದನ್ನು ಹೇಳುವುದು ಸುಲಭ. ಬಿತ್ತನೆ ರಾಗಿಯನ್ನು ಯಾರೂ ಊಟದ ರಾಗಿಯ ಜೊತೆ ಸುರಿಯುವುದಿಲ್ಲ. ಬೇರೆ ಮೂಟೆ ಕಟ್ಟಿ ಅಟ್ಟದ ಮೇಲೆ ಇಡುತ್ತೇವೆ. ಮನೆಗೆ ಎಷ್ಟೇ ನೆಂಟರು ಬರಲಿ, ಆ ಮೂಟೆ ಬಿಚ್ಚುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬಿತ್ತನೆ ರಾಗಿ. ಲೈಟು, ಮೈಕು, ಚಾರ್ಜರು ತಿನ್ನುವುದು ಊಟದ ರಾಗಿ. ಎರಡನ್ನೂ ಒಂದೇ ರಾಶಿ ಮಾಡಿ, ನೆಂಟರನ್ನು ಕರೆದು, ಮಳೆ ಬಂದಾಗ ಬಿತ್ತೋಕೆ ಇಲ್ಲ ಅಂತ ಅತ್ತರೆ ಏನು ಮಾಡುವುದು? ಎರಡನೇ ಬ್ಯಾಟರಿಯ ಇಡೀ ಕೆಲಸ ಇರುವುದು ಬೇರ್ಪಡಿಸುವುದರಲ್ಲಿ. ಬೇರ್ಪಡಿಸದಿದ್ದರೆ ಹಾಕಿಸುವ ಅಗತ್ಯವೇ ಇಲ್ಲ.

ಬ್ಯಾಟರಿಗಳ ಜಾತಿಯೂ ಬೇರೆ. ಸ್ಟಾರ್ಟಿಂಗ್ ಬ್ಯಾಟರಿಯೊಳಗೆ ತೆಳು ಪ್ಲೇಟುಗಳು ಹೆಚ್ಚು ಇರುತ್ತವೆ. ಡೀಸೆಲ್ ಎಂಜಿನ್ನಿನ ಸೆಲ್ಫ್ ಕೆಲವೇ ಸೆಕೆಂಡು ಎಳೆಯುವ ನೂರಾರು ಆಂಪಿಯರ್ ಕೊಟ್ಟು, ತಕ್ಷಣ ಮತ್ತೆ ತುಂಬಿಕೊಳ್ಳುವುದು ಅದರ ಧರ್ಮ. ರಾತ್ರಿಯೆಲ್ಲ ಲೈಟು ಉರಿಸಿ ಪೂರ್ತಿ ಖಾಲಿ ಮಾಡಿದರೆ ಪ್ಲೇಟು ಬೇಗ ಸಾಯುತ್ತದೆ. ದಪ್ಪ ಪ್ಲೇಟಿನ ಡೀಪ್ ಸೈಕಲ್ ಬ್ಯಾಟರಿ ನಿಧಾನವಾಗಿ ಕೊಡುವುದಕ್ಕೆಂದೇ ಆದದ್ದು. ಅದನ್ನೂ ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಹೆಚ್ಚು ಕಾಲ ಬಾಳುತ್ತದೆ. ಎಂಜಿನ್ ನಿಲ್ಲಿಸಿ ಗಾಡಿಗೆ ವಿಶ್ರಾಂತಿ ಕೊಟ್ಟ ಮೇಲೆ ಮೀಟರ್ ಹಿಡಿದರೆ ತುಂಬಿದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12.2 ಅಂದರೆ ಹೆಚ್ಚುಕಡಿಮೆ ಅರ್ಧ. 11.8ಕ್ಕೆ ಬಂದರೆ ಖಾಲಿಯೆಂದೇ ಲೆಕ್ಕ. ಹೊಸ ಬ್ಯಾಟರಿಗೆ ಸುರಿಯುವ ದುಡ್ಡಿಗೆ ಮೊದಲು ಒಂದು ಅಗ್ಗದ ಮೀಟರ್ ಕೊಂಡುಕೊಳ್ಳಿ.

ಹಳೆಯದರ ಜೊತೆ ಹೊಸದನ್ನು ಸೇರಿಸಿ ಕಟ್ಟಿದರೆ ಇನ್ನೊಂದು ತೊಂದರೆ. ಒಳಗೆ ಒಂದು ಸೆಲ್ ಸತ್ತಿರುವ ಹಳೆಯ ಬ್ಯಾಟರಿ, ಪಕ್ಕದ ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ಗಾಡಿ ಸುಮ್ಮನೆ ನಿಂತಿದ್ದರೂ ಹೊಸದು ಹಳೆಯದಕ್ಕೆ ಸುರಿಯುತ್ತಲೇ ಇರುತ್ತದೆ. ಯಜಮಾನರ ಜೀಪಿನಲ್ಲಿ ಆಗಿದ್ದರಲ್ಲಿ ಇದರ ಪಾಲೂ ಇತ್ತು.

ಇನ್ನು ನಮಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಆ ತೆಳು ವೈರು. ಸೆಲ್ಫ್ ಹೊಡೆದಾಗ ಆ ನೂರಾರು ಆಂಪಿಯರಿನಲ್ಲಿ ಒಂದು ಪಾಲು ಎರಡನೇ ಬ್ಯಾಟರಿಯಿಂದಲೂ ಬರುತ್ತದೆ. ಅದು ಹರಿಯಬೇಕಾದದ್ದು ಆ ವೈರಿನಲ್ಲೇ. ಮನೆಯ ಬಲ್ಬಿಗೆ, ಮಿಕ್ಸಿಗೆ ಸಾಕಾಗುವ ವೈರು ಇದನ್ನು ತಡೆಯುವುದಿಲ್ಲ. ಇನ್ಸುಲೇಷನ್ ಮೆತ್ತಗಾಗುತ್ತದೆ. ನಮ್ಮ ಕಲ್ಲು ದಾರಿಯ ಕುಲುಕಾಟಕ್ಕೆ ವೈರು ಚಾಸಿಯ ಅಂಚಿಗೆ ಉಜ್ಜಿ ಒಂದು ದಿನ ತಾಮ್ರ ಹೊರಗೆ ಬರುತ್ತದೆ. ಪ್ಲಸ್ ವೈರು ಬಾಡಿಗೆ ತಾಗಿದ ಗಳಿಗೆಯಲ್ಲಿ ಒಳ್ಳೆಯ ಬ್ಯಾಟರಿಯೊಂದು ಸಾವಿರ ಆಂಪಿಯರ್ ಮೀರಿ ಸುರಿಯಬಲ್ಲದು. ಪಕ್ಕದಲ್ಲೇ ಡೀಸೆಲ್ ಪೈಪು.

ಫ್ಯೂಸು ಇರುವುದು ಲೈಟು ಉಳಿಸಲು ಅಂತ ಬಹಳ ಜನ ತಿಳಿದಿದ್ದಾರೆ. ಅದು ಇರುವುದು ವೈರು ಉಳಿಸಲು. ಹಾಗಾಗಿ ಫ್ಯೂಸನ್ನು ಲೈಟಿನ ಹತ್ತಿರ ಅಲ್ಲ, ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಹಾಕಬೇಕು. ಎರಡು ಬ್ಯಾಟರಿಯ ನಡುವಿನ ವೈರಿಗೆ ಎರಡೂ ತುದಿಯಲ್ಲಿ ಒಂದೊಂದು ಫ್ಯೂಸು ಬೇಕು, ಯಾಕೆಂದರೆ ಆ ವೈರಿಗೆ ಎರಡೂ ಕಡೆಯಿಂದ ಕರೆಂಟು ಬರುತ್ತದೆ. ಒಂದು ಕಡೆ ಮಾತ್ರ ಹಾಕಿ ಧೈರ್ಯವಾಗಿರುವವರನ್ನೂ ನೋಡಿದ್ದೇವೆ. ಒಂದೇ ಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ತೆಳು ವೈರಿಗೆ ಬೆಂಕಿ ಬೀಳದಿದ್ದರೂ ನಷ್ಟ ತಪ್ಪುವುದಿಲ್ಲ. 2.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು ಬಾನೆಟ್ಟಿನಿಂದ ಹಿಂದಕ್ಕೆ ನಾಲ್ಕು ಮೀಟರ್ ಎಳೆದು ಅದರಲ್ಲಿ 30 ಆಂಪಿಯರ್ ಹರಿಸಿದರೆ, ದಾರಿಯಲ್ಲೇ ಸುಮಾರು 0.8 ವೋಲ್ಟ್ ಸೋರಿಹೋಗುತ್ತದೆ. ಆಲ್ಟರ್ನೇಟರ್ 14.2 ಕೊಟ್ಟರೆ ಹಿಂದಿನ ಬ್ಯಾಟರಿಗೆ ಮುಟ್ಟುವುದು 13.4. ಅದೇ 25 ಚದರ ಮಿಲಿಮೀಟರಿನ ದಪ್ಪ ಕೇಬಲ್ ಆದರೆ ಸೋರುವುದು ಅದರ ಹತ್ತನೇ ಒಂದು ಭಾಗ ಮಾತ್ರ. 'ಹಿಂದಿನ ಬ್ಯಾಟ್ರಿ ಯಾವತ್ತೂ ಫುಲ್ ಆಗಲ್ಲ' ಅನ್ನುವವರು ಅಂಗಡಿಯವನನ್ನು ಬಯ್ಯುವ ಮೊದಲು ವೈರು ನೋಡಿಕೊಳ್ಳಿ.

ಬೇರ್ಪಡಿಸುವ ದಾರಿಗಳು ಹಲವು. ಅಗ್ಗದ್ದು ಕೈಯಲ್ಲಿ ತಿರುವುವ ಸ್ವಿಚ್ಚು. ಗಾಡಿ ನಿಲ್ಲಿಸಿದಾಗ ತಿರುವಲು ಮರೆತರೆ ಮತ್ತೆ ಜೀಪು ತಳ್ಳಬೇಕು, ಅಷ್ಟೇ. ಅದಕ್ಕಿಂತ ವಾಸಿ, ವೋಲ್ಟೇಜ್ ನೋಡಿಕೊಂಡು ತಾನೇ ಸೇರಿಸಿ ತಾನೇ ಬಿಡಿಸುವ ರಿಲೇ. ಎಂಜಿನ್ ಓಡಿ ವೋಲ್ಟೇಜ್ 13.3ರ ಹತ್ತಿರ ಏರಿದಾಗ ಎರಡೂ ಬ್ಯಾಟರಿಯನ್ನು ಸೇರಿಸುತ್ತದೆ. ಎಂಜಿನ್ ನಿಂತು 12.8ರ ಹತ್ತಿರ ಇಳಿದಾಗ ಬಿಡಿಸುತ್ತದೆ. ಆಮೇಲೆ ಲೈಟು ಎಷ್ಟು ತಿಂದರೂ ಹಿಂದಿನದನ್ನೇ ತಿನ್ನಬೇಕು. ಹಳೆಯ ಜೀಪು, ಹಳೆಯ ಪಿಕಪ್ಪುಗಳಿಗೆ ಇದು ಸಾಕು.

ಏಪ್ರಿಲ್ 2020ರಿಂದ ಬಂದ ಬಿಎಸ್ 6 ಗಾಡಿ ಇರುವವರು ಇಲ್ಲಿ ಸ್ವಲ್ಪ ನಿಲ್ಲಿ. ಹೊಸ ಗಾಡಿಗಳಲ್ಲಿ ಹಲವು, ಡೀಸೆಲ್ ಉಳಿಸಲೆಂದು ಆಲ್ಟರ್ನೇಟರಿನ ವೋಲ್ಟೇಜನ್ನು ಕಂಪ್ಯೂಟರಿನಿಂದಲೇ ಏರಿಸಿ ಇಳಿಸುತ್ತವೆ. ಓಡುವಾಗಲೇ ವೋಲ್ಟೇಜ್ ಇಳಿದರೆ ಈ ರಿಲೇ ಎಂಜಿನ್ ನಿಂತಿದೆ ಎಂದು ತಿಳಿದು ಬಿಡಿಸಿಬಿಡುತ್ತದೆ. ಅಂಥ ಗಾಡಿಗೆ ಡಿಸಿ ಟು ಡಿಸಿ ಚಾರ್ಜರ್ ಬೇಕು. ಮೈನಸ್ ಟರ್ಮಿನಲ್ಲಿನ ಮೇಲೆ ಸಣ್ಣ ಸೆನ್ಸರ್ ಕೂತಿದ್ದರೆ ಹೊಸ ವೈರನ್ನು ಆ ಟರ್ಮಿನಲ್ಲಿಗೆ ಕಟ್ಟಬಾರದು, ಚಾಸಿಗೆ ಅರ್ಥ್ ಕೊಡಬೇಕು. ವಾರಂಟಿ ಉಳಿದಿದ್ದರೆ ಶೋರೂಮಿನಲ್ಲಿ ಕೇಳಿಯೇ ಮುಂದುವರಿಯಿರಿ.

ಮನೆಯ ಯುಪಿಎಸ್ಸಿನ ದೊಡ್ಡ ಟ್ಯೂಬ್ಯುಲರ್ ಬ್ಯಾಟರಿಯನ್ನು ಗಾಡಿಗೆ ಹೊರಿಸುವವರೂ ಇದ್ದಾರೆ. 150 ಆಂಪಿಯರ್ ಅವರಿನದು 50 ಕಿಲೋ ಮೀರುತ್ತದೆ. ಮೂಲೆಯಲ್ಲಿ ಅಲುಗದೆ ಕೂರಲೆಂದು ಮಾಡಿದ್ದು, ಬೆಟ್ಟದ ದಾರಿಯಲ್ಲಿ ನೆಗೆಯಲು ಅಲ್ಲ. ನೀರು ಹಾಕುವ ಯಾವ ಬ್ಯಾಟರಿಯೇ ಆದರೂ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಅದನ್ನು ಮಕ್ಕಳು ಕೂರುವ ಸೀಟಿನ ಕೆಳಗೆ ಇಡಬೇಡಿ. ಎಲ್ಲಿ ಇಟ್ಟರೂ ಕಬ್ಬಿಣದ ಪಟ್ಟಿ, ಬೋಲ್ಟು ಹಾಕಿ ಬಿಗಿಯಿರಿ. ಸೈಕಲ್ ಟ್ಯೂಬಿನ ರಬ್ಬರು ಕಟ್ಟಿ ಬಿಗಿದೆ ಅನ್ನಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಅಭಿಪ್ರಾಯ ಏನೆಂದರೆ, ಊರಿನ ಬಹುಪಾಲು ಗಾಡಿಗೆ ಎರಡನೇ ಬ್ಯಾಟರಿ ಬೇಕಾಗಿಲ್ಲ.

ಯಾಕೆ ಅಂದರೆ, ಈ ಪದ್ಧತಿಯನ್ನು ಮನೆಮಾತು ಮಾಡಿದ್ದು ಆಸ್ಟ್ರೇಲಿಯಾದ ಕಡೆಯವರು. ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್ ಜಾತಿಯ ಗಾಡಿಗಳಿಗೆ ಅಲ್ಲಿ ಎರಡನೇ ಬ್ಯಾಟರಿ ಹಾಕಿ, ಫ್ರಿಜ್ ಇಟ್ಟುಕೊಂಡು ಮರಳುಗಾಡಿಗೆ ಹೋಗುತ್ತಾರೆ. ಅವರು ದಿನಕ್ಕೆ ನೂರಾರು ಕಿಲೋಮೀಟರ್ ಓಡಿಸುತ್ತಾರೆ. ಗಂಟೆಗಟ್ಟಲೆ ಎಂಜಿನ್ ಓಡಿ ಹಿಂದಿನ ಬ್ಯಾಟರಿ ತಾನಾಗಿ ತುಂಬುತ್ತದೆ. ಮೊಬೈಲಿನಲ್ಲಿ ಆ ವೀಡಿಯೋ ನೋಡಿದ ನಮ್ಮ ಹುಡುಗರು ಬ್ಯಾಟರಿಯನ್ನು ಮಾತ್ರ ತಂದರು, ಆ ದೂರವನ್ನು ತರಲಾಗಲಿಲ್ಲ.

ಯಜಮಾನರ ಲೆಕ್ಕವನ್ನೇ ನೋಡಿ. 24 ವಾಟಿನ ಎರಡು ಎಲ್‌ಇಡಿ ಲೈಟು, ಅಂದರೆ 4 ಆಂಪಿಯರ್. ಒಂಬತ್ತು ಗಂಟೆ ಉರಿದರೆ 36 ಆಂಪಿಯರ್ ಅವರ್. ಮೈಕು, ಮೊಬೈಲು ಸೇರಿ 40 ಅನ್ನಿ. ಮಂಡಿಗೆ ಅರ್ಧ ಗಂಟೆಯ ದಾರಿ, ಹೋಗಿ ಬರಲು ಒಂದು ಗಂಟೆ. ಹಳೆಯ ಜೀಪಿನ ಆಲ್ಟರ್ನೇಟರ್ ಎರಡನೇ ಬ್ಯಾಟರಿಗೆ 20 ಆಂಪಿಯರ್ ಬಿಟ್ಟುಕೊಟ್ಟರೂ ವಾಪಸು ಬಂದದ್ದು 20. ದಿನವೂ 20 ಸಾಲ. ಒಂದು ವಾರದಲ್ಲಿ ಎಷ್ಟು ದೊಡ್ಡ ಬ್ಯಾಟರಿ ಇದ್ದರೂ ಮುಳುಗುತ್ತದೆ. ರಿಲೇ ಹಾಕಿಸಿದ್ದರೆ ಜೀಪು ಸ್ಟಾರ್ಟ್ ಆಗುತ್ತಿತ್ತು ನಿಜ, ಕಾವಲಿಗೆ ಲೈಟು ಮಾತ್ರ ಇರುತ್ತಿರಲಿಲ್ಲ.

ಅವರಿಗೆ ಬೇಕಾದದ್ದು ಗಾಡಿಯಲ್ಲಿ ಬ್ಯಾಟರಿ ಅಲ್ಲ, ಕಾವಲು ಗುಡಿಸಿಲಿನಲ್ಲಿ ಬ್ಯಾಟರಿ. ಮೇಲೆ 100 ವಾಟಿನ ಒಂದು ಸೋಲಾರ್ ಪ್ಯಾನೆಲ್ಲು. ಬೇಸಿಗೆಯ ಬಿಸಿಲಿಗೆ ದಿನಕ್ಕೆ ಸುಮಾರು 25 ಆಂಪಿಯರ್ ಅವರ್ ತುಂಬುತ್ತದೆ. ಒಂದು ಲೈಟು, ಮೊಬೈಲಿಗೆ ಸಾಕು. ಜೀಪಿನ ಬ್ಯಾಟರಿಯನ್ನು ಯಾರೂ ಮುಟ್ಟುವ ಹಾಗಿಲ್ಲ.

ನಿಜವಾಗಿ ಬೇಕಾದವರೂ ಇದ್ದಾರೆ. ದಿನವಿಡೀ ಊರೂರು ತಿರುಗಿ ಮೈಕಿನಲ್ಲಿ ಕೂಗಿ ಮಾರುವವರು. ಲಸಿಕೆ ತಣ್ಣಗಿಡಬೇಕಾದ ಪಶುವೈದ್ಯರ ಗಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ಆನೆ ಓಡಿಸಲು ರಾತ್ರಿ ಹೋಗುವ ಗಾಡಿಗಳು. ಕನಕಪುರ, ಚನ್ನಪಟ್ಟಣದ ಕಡೆ ಕಾವೇರಿ ವನ್ಯಧಾಮದಿಂದ ಬಂದ ಆನೆಗಳು ತೆಂಗಿನಕಲ್ಲು, ಕಬ್ಬಾಳು ಕಾಡಿನ ಅಂಚಿನ ತೋಟಗಳಿಗೆ ಇಳಿಯುವುದು ಈಗ ಸುದ್ದಿಯೇ ಅಲ್ಲ ಅನ್ನುವಷ್ಟಾಗಿದೆ. ಅಲ್ಲಿ ಎಂಜಿನ್ ಆಫ್ ಮಾಡಿ, ಸದ್ದು ಕೇಳುತ್ತಾ, ಸರ್ಚ್ ಲೈಟು ಹಿಡಿದು ಗಂಟೆಗಟ್ಟಲೆ ಕೂರಬೇಕು. ಆನೆ ತಿರುಗಿ ನಿಂತಾಗ ಸೆಲ್ಫು 'ಟಿಕ್' ಅಂದರೆ ಇಳಿದು ತಳ್ಳಲು ಯಾರನ್ನು ಕರೆಯುತ್ತೀರಿ? ಆ ಕೆಲಸಕ್ಕೆ ಗಾಡಿ ಬಾಡಿಗೆಗೆ ಹಿಡಿಯುವವರು ಟೈರು, ಇನ್ಶೂರೆನ್ಸು ಕೇಳುವ ಹಾಗೆಯೇ 'ಲೈಟಿಗೆ ಬೇರೆ ಬ್ಯಾಟರಿ ಇದೆಯಾ, ಬೇರ್ಪಡಿಸಿದ್ದೀರಾ' ಎಂದು ಕೇಳಬೇಕು. ಒಳಗೆ ಕೂರುವ ವಾಚರ್‌ಗಳಿಗೆ, ಊರಿನ ಹುಡುಗರಿಗೆ ಅದನ್ನು ಕೇಳುವ ಹಕ್ಕಿದೆ.

ಆಟೋ ಎಲೆಕ್ಟ್ರಿಷಿಯನ್ನರನ್ನು ಬಯ್ಯಲು ನಮಗೆ ಮನಸ್ಸಿಲ್ಲ. ಅವರಲ್ಲಿ ರಿಲೇ, ಫ್ಯೂಸು ಗೊತ್ತಿಲ್ಲದವರು ಕಡಿಮೆ. ನಾವೇ ಹೋಗಿ 'ಅಣ್ಣ, ಅದೆಲ್ಲ ಬ್ಯಾಡ, ಕಮ್ಮಿಯಲ್ಲಿ ಮುಗ್ಸು' ಅನ್ನುತ್ತೇವೆ. ಬ್ಯಾಟರಿಗೆ ಸಾವಿರಾರು ರೂಪಾಯಿ ಎಣಿಸಿದ ಕೈ ಫ್ಯೂಸಿನ ಹತ್ತಿರ ಬಂದು ಚೌಕಾಸಿಗೆ ಕೂರುತ್ತದೆ. ನಮ್ಮ ಒಂದೇ ಬೇಡಿಕೆ: ರಿಲೇ, ಫ್ಯೂಸು, ದಪ್ಪ ಕೇಬಲ್ ಇಲ್ಲದೆ ಎರಡನೇ ಬ್ಯಾಟರಿ ಕಟ್ಟುವುದಿಲ್ಲ ಎಂದು ಅಂಗಡಿಯವರು ಖಡಾಖಂಡಿತ ಹೇಳಲಿ. ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಅನ್ನುವ ಭಯ ಇರುತ್ತದೆ, ಗೊತ್ತು. ಪಕ್ಕದ ಅಂಗಡಿಯವರೂ ಹಾಗೇ ಹೇಳಿದರೆ ಆ ಭಯವೂ ಹೋಗುತ್ತದೆ.

ಬ್ಯಾಟರಿ ಬಂತು ಅಂತ ಬಂಪರ್ ಮೇಲೆ ಕಣ್ಣು ಕುಕ್ಕುವ ಲೈಟು ಸಾಲು ಕಟ್ಟಬೇಡಿ. 2024ರ ಜುಲೈನಿಂದ ರಾಜ್ಯದ ಪೊಲೀಸರು ಇಂಥ ಎಲ್‌ಇಡಿ ಲೈಟುಗಳ ಮೇಲೆ ಕೇಸು ಹಾಕುವ ಕೆಲಸ ಶುರು ಮಾಡಿದ್ದಾರೆ. ಎದುರಿಗೆ ಬರುವ ಬೈಕಿನವನೂ ನಮ್ಮ ಊರಿನವನೇ.

ಯಜಮಾನರು ಮಾವಿನ ಸುಗ್ಗಿ ಮುಗಿಯುವ ಮೊದಲೇ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕಿದರು. ಗುಡಿಸಿಲಿಗೆ ಒಂದು ಪ್ಯಾನೆಲ್ಲು, ಸಣ್ಣದೊಂದು ಬ್ಯಾಟರಿ ಬಂದಿದೆ. ಜೀಪು ಈಗ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದಂತೆ. ಆದರೆ ಮೈಕನ್ನು ಮಾತ್ರ ಇನ್ನೂ ಜೀಪಿಗೇ ಕಟ್ಟಿಕೊಂಡಿದ್ದಾರೆ. ಬಿಚ್ಚಿ ಅಂದರೆ, "ಅದೊಂದ್ ಇರ್ಲಿ ಬುಡಿ ಸಾ" ಅನ್ನುತ್ತಾರೆ.